ಗರ್ಭಿಣಿಗೆ ಮನೇಲಿ ಹೊಡೆತ ಬೀಳ್ತಿದ್ರೆ ಆಸ್ಪತ್ರೆಯಿಂದ ಏನೇನು ಸಹಾಯ ಸಿಗತ್ತೆ? ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಮಂಡ್ಯ ಜಿಲ್ಲೆಯವಳು, ಸ್ಟಾಫ್ ನರ್ಸು, ಸರ್ವೀಸಲ್ಲಿ ಜಾಸ್ತಿ ದಿನ ಕಳೆದಿರೋದು ಗರ್ಭಿಣಿಯರ ಚೆಕಪ್ ರೂಮಲ್ಲೇ. ಬಿಪಿ ಪಟ್ಟಿ ಕಟ್ಟೋಕೆ ರವಿಕೆ ತೋಳು ಮೇಲೆ ಸರಿಸಿದ್ರೆ ನಾಲ್ಕು ಬೆರಳಿನ ಗುರುತು ಹಸಿರುಗಟ್ಟಿ ಕಾಣತ್ತೆ, ಏನವ್ವ ಇದು ಅಂತ ಕೇಳಿದ್ರೆ "ಏನಿಲ್ಲ ಕನಕ್ಕ, ಬಚ್ಚಲಲ್ಲಿ ಜಾರ್ಬಿಟ್ಟೆ" ಅಂತಾರೆ. ಬಚ್ಚಲಲ್ಲಿ ಜಾರಿದ್ರೆ ಮೊಣಕೈ ತರಚತ್ತೆ, ತೋಳಿನ ಒಳಭಾಗದಲ್ಲಿ ಬೆರಳು ಮೂಡಲ್ಲ. ಅಂಥ ಹೆಣ್ಮಕ್ಕಳು, ಅವರ ಅಕ್ಕ ತಂಗಿಯರು, ನಮ್ಮ ಆಶಾಗಳು ನನ್ನ ಹತ್ರ ಕೇಳಿರೋ ಪ್ರಶ್ನೆಗಳನ್ನೆಲ್ಲ ಒಂದ್ಕಡೆ ಸೇರಿಸಿ ಬರೀತಿದೀನಿ.

ಈಗ್ಲೇ ಅಪಾಯದಲ್ಲಿದ್ರೆ ಓದ್ತಾ ಕೂರ್ಬೇಡಿ, 112ಕ್ಕೆ ಫೋನ್ ಮಾಡಿ. ಗಂಡ ಫೋನ್ ತೆಗೆದು ನೋಡೋ ಅಭ್ಯಾಸ ಇದ್ರೆ ಓದಾದ್ಮೇಲೆ ಹಿಸ್ಟರಿ ಡಿಲೀಟ್ ಮಾಡಿ, ಇಲ್ಲಾಂದ್ರೆ ನಂಬಿಕೆಯವರ ಫೋನಲ್ಲಿ ಓದಿ.

ಹೊಟ್ಟೇಲಿ ಮಗು ಇದೆ ಅಂದ್ಮೇಲೆ ಅವರೇ ಸುಮ್ನಾಗ್ತಾರೆ ಅಂತಾರಲ್ಲ, ನಿಜಾನಾ?

ಕೆಲವರ ಮನೇಲಿ ಸ್ವಲ್ಪ ದಿನ ಕಮ್ಮಿ ಆಗ್ಬೋದು, ಆದ್ರೆ ಅದನ್ನ ನೆಚ್ಚಿಕೊಂಡು ಕೂರೋ ಹಾಗಿಲ್ಲ. ಎಷ್ಟೋ ಜನಕ್ಕೆ ಹೊಡೆತ ಶುರು ಆಗೋದೇ ಬಸುರಿ ಆದ್ಮೇಲೆ, ಕೆಲಸ ಮಾಡಲ್ಲ ಅಂತ, ಹತ್ರ ಸೇರಿಸಲ್ಲ ಅಂತ, ಮಗು ತನ್ನದಾ ಅಂತ ಅನುಮಾನ ಪಟ್ಟು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಅನುಭವಿಸಿದೀವಿ ಅಂತ ಹೇಳಿದಾರೆ. ಮನೆ ಬಾಗಿಲಿಗೆ ಬಂದ ಗುರುತಿಲ್ಲದವರ ಹತ್ರ ಬಾಯಿಬಿಟ್ಟವರೇ ಇಷ್ಟು ಜನ. ಹಂಗಾಗಿ ನಂಗೊಬ್ಳಿಗೆ ಮಾತ್ರ ಹಿಂಗಾಯ್ತು, ನನ್ನ ಹಣೆಬರಹ ಸರಿಯಿಲ್ಲ ಅಂತ ಅಂದ್ಕೊಬೇಡಿ.

ಕೈ ಮಾಡಲ್ಲ, ಆದ್ರೆ ಚೆಕಪ್ಪಿಗೆ ಕಳಿಸಲ್ಲ, ಊಟ ಸರಿಯಾಗಿ ಕೊಡಲ್ಲ. ಇದೂ ಹಿಂಸೆನಾ?

ಹೌದು. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಪ್ರಕಾರ ಹೊಡೆಯೋದು ಮಾತ್ರ ಅಲ್ಲ, ಬೈದು ಹೀನಾಯ ಮಾಡೋದು, ಬೇಡ ಅಂದ್ರೂ ಬಲವಂತವಾಗಿ ಮೈಮೇಲೆ ಬರೋದು, ಖರ್ಚಿಗೆ ಕಾಸು ಕೊಡದೆ ಸತಾಯಿಸೋದು, ನಿಮ್ಮ ಒಡವೆ ನಿಮ್ಮ ಸಂಬಳ ಕಿತ್ಕೊಳ್ಳೋದು ಎಲ್ಲಾ ಹಿಂಸೆನೇ. ಕಬ್ಬಿಣದ ಮಾತ್ರೆ ಕಸಕ್ಕೆ ಎಸೆಯೋದು, ಸ್ಕ್ಯಾನಿಂಗಿಗೆ ಕಾಸಿಲ್ಲ ಅಂತ ತಿಂಗಳಾನುಗಟ್ಟಲೆ ತಳ್ಳೋದು, ಇವನ್ನ ನಾವು ಆಸ್ಪತ್ರೆಯವರು ಬೇಜವಾಬ್ದಾರಿ ಅಂತ ಗರ್ಭಿಣಿಗೇ ಬೈದು ಕಳಿಸ್ತೀವಿ, ಯಾಕೆ ಬರ್ಲಿಲ್ಲ ಅಂತ ಕೇಳೋದೇ ಇಲ್ಲ. ಅತ್ತೆ ನಾದಿನಿ ಮೇಲೂ ಈ ಕಾಯ್ದೇಲಿ ಅರ್ಜಿ ಹಾಕ್ಬೋದು, 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಸ್ಪಷ್ಟ ಮಾಡಿದೆ.

ಹೊಟ್ಟೆಗೆ ಒದ್ದಿದಾರೆ, ಆದ್ರೆ ರಕ್ತ ಏನೂ ಹೋಗಿಲ್ಲ. ಮನೇಲೇ ಮಲಗಿ ನೋಡ್ಲಾ?

ಬೇಡ. ಇದೊಂದು ಮಾತು ಮಾತ್ರ ದಯವಿಟ್ಟು ಕೇಳಿ.

ಹೊಟ್ಟೆಗೆ ಜೋರಾಗಿ ಪೆಟ್ಟು ಬಿದ್ರೆ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಕೊಳ್ಳೋ ಸಾಧ್ಯತೆ ಇರತ್ತೆ. ಮಗುಗೆ ಉಸಿರು, ಆಹಾರ ಹೋಗೋದೇ ಮಾಸಿಂದ. ರಕ್ತ ಒಳಗೇ ನಿಂತು ಹೊರಗೆ ಒಂದು ಹನಿನೂ ಕಾಣದೆ ಇರ್ಬೋದು, ಹೊಟ್ಟೆ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿ ಬಿಡದೆ ನೋಯತ್ತೆ. ಆರು ತಿಂಗಳು ತುಂಬಿದ್ರೆ ಪೆಟ್ಟು ಬಿದ್ಮೇಲೆ ಕಮ್ಮಿ ಅಂದ್ರೂ 4 ಗಂಟೆ ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗು ಎದೆಬಡಿತ ನೋಡ್ತಾರೆ, ಬರೀ ಸ್ಕ್ಯಾನ್ ಮಾಡಿ ಚೆನ್ನಾಗಿದೆ ಹೋಗು ಅನ್ನೋದು ಸಾಲಲ್ಲ, ಯಾಕಂದ್ರೆ ಮಾಸು ಬಿಟ್ಕೊಂಡಿರೋದು ಸ್ಕ್ಯಾನಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ. ಅದಕ್ಕೇ ಜಾರಿ ಬಿದ್ದೆ ಅಂತ ಹೇಳದೆ ಹೊಟ್ಟೆಗೆ ಪೆಟ್ಟು ಬಿತ್ತು, ಇಂಥ ಜಾಗಕ್ಕೆ, ಇಷ್ಟು ಹೊತ್ತಿಗೆ ಅಂತ ಹೇಳಿ. ಹೊಡೆದಿದ್ದು ಯಾರು ಅಂತ ಹೇಳೋಕೆ ಆಗದಿದ್ರೂ ಪರ್ವಾಗಿಲ್ಲ, ಪೆಟ್ಟು ಎಲ್ಲಿಗೆ ಬಿತ್ತು ಅನ್ನೋದನ್ನ ಮಾತ್ರ ಮುಚ್ಚಿಡ್ಬೇಡಿ.

ಇನ್ನೊಂದು, ನಿಮ್ಮ ತಾಯಿ ಕಾರ್ಡಲ್ಲಿ ರಕ್ತದ ಗುಂಪು ನೋಡ್ಕೊಳಿ. ನೆಗೆಟಿವ್ ಇದ್ರೆ ಹೊಟ್ಟೆ ಪೆಟ್ಟಾದ್ಮೇಲೆ 72 ಗಂಟೆ ಒಳಗೆ ಆಂಟಿ-ಡಿ ಇಂಜೆಕ್ಷನ್ ಬೇಕಾಗ್ಬೋದು, ನೀವೇ ಬಾಯಿಬಿಟ್ಟು ಕೇಳಿ.

ಮಗು ಮಿಸುಕಾಟ ಕಮ್ಮಿ ಆದ್ರೆ, ನೀರು ಹೋದ್ರೆ, ರಕ್ತ ಕಂಡ್ರೆ, ಬಿಟ್ಟು ಬಿಟ್ಟು ನೋವು ಬಂದ್ರೆ, ತಲೆಸುತ್ತಿ ಕಣ್ಣು ಮಂಜಾದ್ರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸಿಗೆ ಕಾಸಿಲ್ಲ. ಮೈಸೂರಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ), ಎರಡೂ ಕಡೆ ರಾತ್ರಿ ಹಗಲು ಹೆರಿಗೆ ವಿಭಾಗದಲ್ಲಿ ಡಾಕ್ಟರ್ ಇರ್ತಾರೆ.

ಕತ್ತು ಹಿಸುಕಿದ್ರು, ಆದ್ರೆ ಈಗ ಚೆನ್ನಾಗಿದೀನಿ. ಅದನ್ನೂ ಹೇಳ್ಬೇಕಾ?

ಹೇಳ್ಲೇಬೇಕು. ಕತ್ತು ಹಿಸುಕಿದಾಗ ಹೊರಗೆ ಗುರುತೇ ಇರಲ್ಲ ಎಷ್ಟೋ ಸಲ, ಆದ್ರೆ ಒಳಗಿನ ರಕ್ತನಾಳಕ್ಕೆ ಪೆಟ್ಟಾಗಿ ಒಂದೆರಡು ದಿನ ಬಿಟ್ಟು ತೊಂದ್ರೆ ಕೊಡ್ಬೋದು. ದನಿ ಒಡೆದಿದ್ರೆ, ಎಂಜಲು ನುಂಗೋಕೆ ಕಷ್ಟ ಆದ್ರೆ, ಕಣ್ಣಲ್ಲಿ ಕೆಂಪು ಚುಕ್ಕೆ ಬಂದಿದ್ರೆ, ಆ ಹೊತ್ತಲ್ಲಿ ಜ್ಞಾನ ತಪ್ಪಿತ್ತು ಅಥವಾ ಗೊತ್ತಿಲ್ದೆ ಮೂತ್ರ ಹೋಗಿತ್ತು ಅಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಒಂದ್ಸಲ ಕತ್ತಿಗೆ ಕೈ ಹಾಕಿದವನು ಮುಂದೆ ಜೀವಕ್ಕೇ ಅಪಾಯ ಮಾಡೋ ಸಾಧ್ಯತೆ ಬಹಳ ಹೆಚ್ಚು. ಕೋಪದಲ್ಲಿ ಆಗಿದ್ದು ಅಂತ ಬಿಡೋ ವಿಷಯ ಅಲ್ಲ ಇದು.

ಅತ್ತೆನೋ ಗಂಡನೋ ಜೊತೇಲೇ ಬರ್ತಾರೆ, ಡಾಕ್ಟರ್ ಕೇಳಿದ್ದಕ್ಕೆಲ್ಲ ಅವರೇ ಉತ್ತರ ಕೊಡ್ತಾರೆ. ನಾನು ಹೇಳೋದು ಹೆಂಗೆ?

ಈ ಪ್ರಶ್ನೆಗೆ ಉತ್ತರ ಹೇಳೋಕಂತಲೇ ನಾನು ಇಷ್ಟೆಲ್ಲ ಬರೀತಿರೋದು ಅಂದ್ಕೊಳಿ. ತವರಿಗೆ ಹೋಗ್ಬೇಡ, ಪಕ್ಕದ್ಮನೆ ಹತ್ರ ಮಾತಾಡ್ಬೇಡ, ಫೋನ್ ಮುಟ್ಬೇಡ ಅನ್ನೋ ಮನೆಯವರೂ ಆಸ್ಪತ್ರೆ ಚೆಕಪ್ಪಿಗೆ ಕರ್ಕೊಂಡು ಬರ್ತಾರೆ, ಮಗು ಬೇಕಲ್ಲ ಅವರಿಗೆ. ಒಂಬತ್ತು ತಿಂಗಳಲ್ಲಿ ನಾಲ್ಕೈದು ಸಲ ಆದ್ರೂ ಆ ಬಾಗಿಲು ತೆಗೆಯತ್ತೆ, ಅದನ್ನ ಬಳಸ್ಕೊಳಿ.

ನಾವು ಮಾಡೋದು ಹೀಗೆ. ಯೂರಿನ್ ಡಬ್ಬಿ ಕೈಗೆ ಕೊಟ್ಟು ಬಾತ್ರೂಮ್ ತೋರಿಸ್ತೀನಿ ಬಾ ಅಂತ ನಾನೇ ಜೊತೆಗೆ ಹೋಗ್ತೀನಿ, ಅಲ್ಲಿಗೆ ಅತ್ತೆ ಬರಲ್ಲ. ಅಥವಾ ಹೊಟ್ಟೆ ಪರೀಕ್ಷೆ ಮಾಡೋವಾಗ ಪರದೆ ಎಳೆದು ಅಮ್ಮಾ ನೀವು ಹೊರಗೆ ಕೂತಿರಿ, ಚೀಟಿ ಮಾಡಿಸ್ಕೊಂಡು ಬನ್ನಿ ಅಂತೀನಿ. ಒಂದ್ಸಲ ಏಳು ತಿಂಗಳ ಹುಡುಗಿಯೊಬ್ಳು ಡಬ್ಬಿ ವಾಪಸ್ ಕೊಡೋವಾಗ ಅದರ ಮೇಲೆ ಹೆಸರು ಬರೆಯೋ ಸ್ಟಿಕರಲ್ಲಿ ಹೆಸರಿನ ಕೆಳಗೆ ಸಣ್ಣದಾಗಿ "ಹೊಡಿತಾರೆ" ಅಂತ ಬರೆದಿದ್ಳು. ಕೈ ನಡುಗ್ತಿತ್ತು, ಮುಖದಲ್ಲಿ ಏನೂ ತೋರಿಸ್ಲಿಲ್ಲ. ನಾನು ಆ ಸ್ಟಿಕರ್ ಕಿತ್ತು ಜೇಬಿಗೆ ಹಾಕ್ಕೊಂಡು ಬೇರೆ ಅಂಟಿಸಿ, ಇವಳ ಬಿಪಿ ಜಾಸ್ತಿ ಇದೆ ಒಂದಿನ ಅಡ್ಮಿಟ್ ಆಗ್ಬೇಕು ಅಂತ ಡಾಕ್ಟರ್ ಕೈಲಿ ಹೇಳಿಸ್ದೆ. ವಾರ್ಡಲ್ಲಿ ಆ ರಾತ್ರಿ ಅವಳು ಮಾತಾಡಿದ್ಳು.

ನೀವೂ ಹಾಗೆ, ಪರೀಕ್ಷೆ ಹೊತ್ತಲ್ಲಿ "ಸಿಸ್ಟರ್, ನಿಮ್ಹತ್ರ ಒಬ್ಳೇ ಮಾತಾಡ್ಬೇಕು" ಅಂತ ಮೆಲ್ಲಗೆ ಒಂದು ಮಾತು ಅಂದ್ರೆ ಸಾಕು, ಅವರನ್ನ ಹೊರಗೆ ಕಳಿಸೋ ನೆಪ ನಾವು ಹುಡುಕ್ಕೊತೀವಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೇ ಅಂತ ಡಾಕ್ಟರ್ ತಪಾಸಣೆ ಇರತ್ತೆ, ಆಶಾ ಬಂದು ಕರೀತಾಳೆ. ಆಶಾ ಜೊತೆ ಹೋಗ್ತೀನಿ ಅಂದ್ರೆ ಎಷ್ಟೋ ಮನೆಯವರು ತಕರಾರು ಮಾಡಲ್ಲ.

ಡಾಕ್ಟರಿಗೆ ಹೇಳಿದ ತಕ್ಷಣ ಪೊಲೀಸ್ ಮನೆಗೆ ಬರ್ತಾರಾ? ಅದೇ ನಂಗೆ ಭಯ.

18 ತುಂಬಿದವರು ಬರೀ ಮಾತಲ್ಲಿ ಕಷ್ಟ ಹೇಳ್ಕೊಂಡ್ರೆ ಯಾರೂ ಬರಲ್ಲ, ಅದು ನಿಮ್ಮ ಮತ್ತೆ ನಮ್ಮ ನಡುವೆ ಇರತ್ತೆ. ಗಾಯ ಆಗಿ ಬಂದಿದ್ರೆ ಆಸ್ಪತ್ರೇಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸ್ಬೇಕಾದ ಗಾಯದ ಕೇಸು) ಅಂತ ರಿಜಿಸ್ಟರಲ್ಲಿ ಬರೆದು ಪೊಲೀಸರಿಗೆ ಮಾಹಿತಿ ಕಳಿಸ್ತಾರೆ, ಅವರು ಬಂದು ಹೇಳಿಕೆ ಕೇಳ್ಬೋದು. ಆಗ ಸದ್ಯಕ್ಕೆ ಕಂಪ್ಲೇಂಟ್ ಬೇಡ ಅಂತ ಅನ್ಸಿದ್ರೆ ಹಾಗೇ ಹೇಳಿ, ಹಾಗೇ ಬರ್ಕೊಳಿ ಅನ್ನಿ. ಎಂಎಲ್‌ಸಿ ಆದ ಮಾತ್ರಕ್ಕೆ ಗಂಡ ಜೈಲಿಗೆ ಹೋಗ್ಬಿಡ್ತಾನೆ ಅಂತಲ್ಲ. ಆದ್ರೆ ಆರು ತಿಂಗಳು ಬಿಟ್ಟು, ಎರಡು ವರ್ಷ ಬಿಟ್ಟು ನೀವು ಕೋರ್ಟಿಗೆ ಹೋಗೋಣ ಅಂದ್ಕೊಂಡಾಗ ಅವತ್ತಿನ ಆ ಪುಟ ನಿಮ್ಮ ಪರ ಸಾಕ್ಷಿ ಹೇಳತ್ತೆ. ಬೇರೆ ಸಾಕ್ಷಿಗಳೆಲ್ಲ ಅವರ ಮನೆಯವರೇ ಅಲ್ವಾ.

ಆಸ್ಪತ್ರೆಯವರು ಏನೇನು ಬರೆದುಕೊಡ್ಬೇಕು? ಕಂಪ್ಲೇಂಟ್ ಕೊಟ್ಟು ಬಾ ಆಮೇಲೆ ನೋಡ್ತೀವಿ ಅಂದ್ರೆ?

ಹಾಗೆ ಅನ್ನೋ ಹಕ್ಕು ಯಾರಿಗೂ ಇಲ್ಲ. ಕೌಟುಂಬಿಕ ಹಿಂಸೆ ಕಾಯ್ದೆಯ 7ನೇ ಸೆಕ್ಷನ್, ಅದರ 2006ರ ನಿಯಮಗಳಲ್ಲಿ 17ನೇದು, ಇವೆರಡನ್ನ ನೆನಪಿಟ್ಕೊಳಿ. ಹಿಂಸೆಗೆ ಒಳಗಾದ ಹೆಂಗಸು ಬಂದು ಕೇಳಿದ್ರೆ ಚಿಕಿತ್ಸೆ ಕೊಡ್ಲೇಬೇಕು, ಮೊದ್ಲೇ ವರದಿ ಆಗಿಲ್ಲ ಅನ್ನೋ ಕಾರಣಕ್ಕೆ ವಾಪಸ್ ಕಳಿಸೋ ಹಾಗಿಲ್ಲ. ಕೌಟುಂಬಿಕ ಘಟನಾ ವರದಿ, ಅಂದ್ರೆ ಮನೇಲಿ ಏನೇನು ಹಿಂಸೆ ಆಯ್ತು ಅಂತ ಬರೆಯೋ ಫಾರಂ, ಆಗಿಲ್ಲ ಅಂದ್ರೆ ಆಸ್ಪತ್ರೆಯವರೇ ಆ ಫಾರಂ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸ್ಬೇಕು. ಪರೀಕ್ಷೆ ವರದಿಯ ಒಂದು ಕಾಪಿ ನಿಮಗೆ ಫ್ರೀಯಾಗಿ ಕೊಡ್ಬೇಕು. ಸಂರಕ್ಷಣಾಧಿಕಾರಿ ಅಂದ್ರೆ ಎಲ್ಲೋ ದೂರದವರಲ್ಲ, ನಮ್ಮ ಕಡೆ ತಾಲೂಕಲ್ಲಿ ಅಂಗನವಾಡಿಗಳನ್ನ ನೋಡ್ಕೊಳ್ಳೋ ಸಿಡಿಪಿಒ ಅವರೇ.

ಗಾಯದ ಅಳತೆ, ಬಣ್ಣ, ಜಾಗ, ನೀವು ಹೇಳಿದ ಮಾತು ನಿಮ್ಮ ಮಾತಲ್ಲೇ ಬರೆದಿದಾರಾ ಅಂತ ಕೇಳಿ. "ಮನೆಯಲ್ಲಿ ಬಿದ್ದು ಗಾಯ" ಅಂತ ಬರೆದ್ರೆ ತಿದ್ದೋಕೆ ಹೇಳಿ, ಸಂಕೋಚ ಬೇಡ. ಈ ಚೀಟಿನ ಮನೆಗೆ ತಗೊಂಡು ಹೋಗೋದು ಅಪಾಯ ಅನ್ಸಿದ್ರೆ ಫೋಟೋ ತೆಗೆದು ಅಕ್ಕನಿಗೋ ಗೆಳತಿಗೋ ಕಳಿಸಿ ಅಲ್ಲೇ ಡಿಲೀಟ್ ಮಾಡಿ.

ಹೇಳಿದೆ, ಆದ್ರೆ "ಸಂಸಾರ ಅಂದ್ಮೇಲೆ ಇದ್ದಿದ್ದೇ, ಅಡ್ಜಸ್ಟ್ ಮಾಡ್ಕೊ" ಅಂದ್ಬಿಟ್ರು.

ಇದನ್ನ ಓದಿದ್ರೇ ನಂಗೆ ಹೊಟ್ಟೆ ಉರಿಯತ್ತೆ, ಯಾಕಂದ್ರೆ ಕೆಲಸಕ್ಕೆ ಹೊಸದಾಗಿ ಸೇರಿದಾಗ ನಾನೂ ಒಬ್ರಿಗೆ ಇದೇ ಮಾತು ಹೇಳಿದೀನಿ. ಅವರು ಮುಂದಿನ ಚೆಕಪ್ಪಿಗೆ ಬರ್ಲಿಲ್ಲ, ಏನಾದ್ರೋ ನಂಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮ ತಪ್ಪು ಏನೂ ಇಲ್ಲ, ನೀವು ಹೇಳಿದ್ದು ಸರಿ, ಕೇಳಿಸ್ಕೊಂಡವರು ಸರಿಯಿಲ್ಲ. ಇನ್ನೊಬ್ಬ ನರ್ಸಿಗೆ ಹೇಳಿ, ಕೌನ್ಸೆಲರ್ ಇದ್ರೆ ಅವರಿಗೆ ಹೇಳಿ, ಅಲ್ಲೂ ಆಗ್ಲಿಲ್ಲ ಅಂದ್ರೆ 181.

181 ಅಂದ್ರೇನು? ಸಖಿ ಸೆಂಟರ್ ಅಂದ್ರೇನು?

181 ಹೆಂಗಸರಿಗೇ ಇರೋ ಸಹಾಯವಾಣಿ, ಕಾಸಿಲ್ಲ, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೇ ಮಾತಾಡಿ. ಅವರು ನಿಮ್ಮನ್ನ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರಿಗೆ ಜೋಡಿಸ್ತಾರೆ. ಸಖೀಲಿ ಚಿಕಿತ್ಸೆಗೆ ಕಳಿಸೋದು, ಕೌನ್ಸೆಲಿಂಗ್, ಪೊಲೀಸ್ ಸಹಾಯ, ವಕೀಲರ ಸಲಹೆ ಎಲ್ಲ ಒಂದೇ ಸೂರಿನಡಿ ಸಿಗ್ಲಿ ಅಂತ 2015ರಲ್ಲಿ ಶುರು ಮಾಡಿದ್ದು, 5 ದಿನದ ತನಕ ಅಲ್ಲೇ ಉಳ್ಕೊಬೋದು, ಮಕ್ಕಳಿದ್ರೆ ಕರ್ಕೊಂಡು ಹೋಗ್ಬೋದು. ಅದಕ್ಕಿಂತ ಜಾಸ್ತಿ ದಿನ ಬೇಕು ಅಂದ್ರೆ ಬೇರೆ ವಸತಿಗೆ ವ್ಯವಸ್ಥೆ ಮಾಡ್ತಾರೆ. ಹೋಗೋವಾಗ ಎಷ್ಟು ತಿಂಗಳು, ಬಿಪಿ ಶುಗರ್ ಇದ್ಯಾ, ಯಾವ ಮಾತ್ರೆ ತಗೋತಿದೀರಿ ಅಂತ ಮೊದ್ಲೇ ಹೇಳ್ಬಿಡಿ.

ಹೆಣ್ಣಾ ಗಂಡಾ ನೋಡ್ಸು, ಹೆಣ್ಣಾದ್ರೆ ತೆಗೆಸು ಅಂತ ಬಲವಂತ ಮಾಡ್ತಿದಾರೆ. ನಾನು ಹೋದ್ರೆ ನಂಗೂ ಶಿಕ್ಷೆ ಆಗತ್ತಾ?

ನಮ್ಮ ಜಿಲ್ಲೆಗೆ ಈ ಪ್ರಶ್ನೆ ಹೊಸದಲ್ಲ. 2023ರ ನವೆಂಬರಲ್ಲಿ ಮಂಡ್ಯದ ಆಲೆಮನೆಯೊಳಗೆ ಸ್ಕ್ಯಾನಿಂಗ್ ಮೆಷಿನ್ ಇಟ್ಕೊಂಡು ಭ್ರೂಣ ಲಿಂಗ ಪತ್ತೆ ಮಾಡ್ತಿದ್ದ ದಂಧೆ ಬಯಲಾದಾಗ ರಾಜ್ಯ ಪೂರ್ತಿ ಬೆಚ್ಚಿಬಿತ್ತು. ಬೆಲ್ಲ ಕಾಯಿಸೋ ಜಾಗಕ್ಕೆ ಕರ್ಕೊಂಡು ಹೋಗಿ ಮಲಗಿಸಿದ ಆ ಹೆಣ್ಮಕ್ಕಳಲ್ಲಿ ಎಷ್ಟು ಜನ ತಾವಾಗೇ ಹೋಗಿದ್ರು ಅಂತೀರಾ?

ಲಿಂಗ ಪತ್ತೆ ನಿಷೇಧದ 1994ರ ಕಾಯ್ದೆ ಪ್ರಕಾರ ಗರ್ಭಿಣಿನ ಗಂಡ ಅಥವಾ ಮನೆಯವರೇ ಬಲವಂತ ಮಾಡಿರ್ಬೇಕು ಅಂತ್ಲೇ ಕೋರ್ಟ್ ಮೊದ್ಲು ತಿಳ್ಕೊಳತ್ತೆ, ಅಲ್ಲ ಅಂತ ಸಾಬೀತಾಗೋ ತನಕ. ಬಲವಂತಕ್ಕೆ ಸಿಕ್ಕವಳಿಗೆ ಶಿಕ್ಷೆ ಇಲ್ಲ. ನಿಮ್ಮ ಒಪ್ಪಿಗೆ ಇಲ್ದೆ ಗರ್ಭ ತೆಗೆಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 89ನೇ ಸೆಕ್ಷನಲ್ಲಿ 10 ವರ್ಷದ ತನಕ ಅಥವಾ ಜೀವಾವಧಿ ಶಿಕ್ಷೆ ಇದೆ. ಚೆಕಪ್ಪಿಗೆ ಹೋದಾಗ ನರ್ಸ್ ಹತ್ರ "ನಂಗೆ ಈ ಮಗು ಬೇಕು, ಮನೆಯವರು ಎಲ್ಲಿಗೋ ಕರ್ಕೊಂಡು ಹೋಗ್ತಾರೆ ಅಂತ ಭಯ" ಅಂತ ಹೇಳ್ಬಿಡಿ.

ಉಲ್ಟಾ ಕೇಳ್ತೀನಿ, ಇಂಥ ಸಂಸಾರದಲ್ಲಿ ನಂಗೇ ಈ ಬಸಿರು ಬೇಡ. ಗಂಡನ ಸಹಿ ಬೇಕಾ?

ಬೇಡ. 18 ತುಂಬಿದ್ರೆ ನಿಮ್ಮೊಬ್ರ ಒಪ್ಪಿಗೆ ಸಾಕು, ಕಾನೂನು ಗಂಡನ ಸಹಿ ಕೇಳಲ್ಲ. 20 ವಾರದ ತನಕ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು, ಕೆಲವು ಸಂದರ್ಭಕ್ಕೆ ಇಬ್ಬರು ಡಾಕ್ಟರ್ ಒಪ್ಪಿದ್ರೆ 24 ವಾರದ ತನಕ ಅವಕಾಶ ಇದೆ. ಗಂಡನೇ ಬಲವಂತ ಮಾಡಿ ಆದ ಬಸಿರು ಆದ್ರೂ ಗರ್ಭಪಾತದ ಕಾಯ್ದೆ ಮಟ್ಟಿಗೆ ಅದನ್ನ ಅತ್ಯಾಚಾರ ಅಂತ್ಲೇ ಲೆಕ್ಕಕ್ಕೆ ತಗೋಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಮೆಡಿಕಲ್ ಶಾಪಿಂದ ಮಾತ್ರೆ ತಂದು ಮನೇಲೇ ನುಂಗ್ಬೇಡಿ, ರಕ್ತ ನಿಲ್ಲದೆ ಸ್ಟ್ರೆಚರ್ ಮೇಲೆ ಬಂದವರನ್ನ ನೋಡಿ ಹೇಳ್ತಿದೀನಿ.

ತವರಿಗೆ ಬಂದ್ಬಿಟ್ಟಿದೀನಿ, ತಾಯಿ ಕಾರ್ಡ್ ಗಂಡನ ಮನೇಲೇ ಇದೆ. ಇಲ್ಲಿ ನೋಡ್ತಾರಾ?

ನೋಡ್ತಾರೆ. ಕಾರ್ಡಿಲ್ಲ ಅಂತ ಹೆರಿಗೆ ಮಾಡ್ಸಲ್ಲ ಅನ್ನೋ ಹಾಗಿಲ್ಲ, ಸರ್ಕಾರಿ ಆಸ್ಪತ್ರೇಲಿ ಹೆರಿಗೆ, ಸಿಸೇರಿಯನ್ ಎರಡೂ ಫ್ರೀ. ಊರಿನ ಆಶಾ ಹತ್ರ ಹೆಸರು, ಮೊದಲು ತೋರಿಸ್ತಿದ್ದ ಆಸ್ಪತ್ರೆ ಹೇಳಿ, ಹಳೇ ಕಾರ್ಡಿನ ಫೋಟೋ ಇದ್ರೆ ಅದ್ರಲ್ಲಿರೋ ನಂಬರಿಂದ ವಿವರ ಹುಡುಕ್ಬೋದು. ಚೊಚ್ಚಲ ಬಾಣಂತನ ತವರಲ್ಲಿ ಅನ್ನೋದು ನಮ್ಮ ಪದ್ಧತಿನೇ ಆದ್ರಿಂದ ಜಗಳ ಆಡ್ದೆ ಹೊರಗೆ ಬರೋಕೆ ಇದೊಂದು ದಾರಿ, ಸೀಮಂತ ಸ್ವಲ್ಪ ಬೇಗ ಇಟ್ಕೊಳಿ ಅಂತ ತಾಯಿಗೆ ಹೇಳಿ ಕಳಿಸಿದವರೂ ಇದಾರೆ.

ಕೇಸ್ ಹಾಕೋದಾದ್ರೂ ಗಂಡನ ಊರಿಗೇ ಅಲೀಬೇಕಿಲ್ಲ. ಗಂಡ ಬೆಂಗಳೂರಲ್ಲಿದ್ರೂ ನೀವು ಈಗ ಇರೋ ಮಂಡ್ಯದ ಕೋರ್ಟಲ್ಲೇ ಕೌಟುಂಬಿಕ ಹಿಂಸೆ ಅರ್ಜಿ ಹಾಕ್ಬೋದು. ತವರಿಗೆ ಬಂದ ಮಾತ್ರಕ್ಕೆ ಗಂಡನ ಮನೇಲಿ ವಾಸ ಮಾಡೋ ಹಕ್ಕು ಹೋಗಲ್ಲ. ವಕೀಲರ ಫೀಸಿಗೂ ಹೆದರ್ಬೇಡಿ, ಕೋರ್ಟ್ ಆವರಣದಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರ್ಲಿ ವಕೀಲರನ್ನ ಫ್ರೀಯಾಗಿ ಕೊಡ್ತಾರೆ, ಫೋನ್ 15100.

ಸದ್ಯಕ್ಕೆ ಮನೆ ಬಿಡೋಕಾಗಲ್ಲ. ಏನು ತಯಾರಿ ಮಾಡ್ಕೊಳ್ಲಿ?

ಬಿಡ್ಲೇಬೇಕು ಅಂತ ನಾನೂ ಹೇಳಲ್ಲ, ಯಾವಾಗ ಬಿಡ್ಬೇಕು ಅನ್ನೋದು ನಿಮಗೇ ಗೊತ್ತು. ಹೆರಿಗೆ ಬ್ಯಾಗ್ ಅಂತ ಎಲ್ಲರೂ ರೆಡಿ ಮಾಡ್ಕೊತಾರಲ್ಲ, ಅದನ್ನ ಐದನೇ ತಿಂಗಳಿಗೇ ಮಾಡಿ, ಯಾರಿಗೂ ಅನುಮಾನ ಬರಲ್ಲ. ಹಳೇ ಸೀರೆ, ಮಗು ಬಟ್ಟೆ ಮಧ್ಯ ಆಧಾರ್, ತಾಯಿ ಕಾರ್ಡ್, ಪಾಸ್‌ಬುಕ್, ಸ್ಕ್ಯಾನ್ ರಿಪೋರ್ಟ್, ಸ್ವಲ್ಪ ಕಾಸು. ಆಧಾರ್ ಕೈಲಿದ್ರೆ ಶಕ್ತಿ ಯೋಜನೇಲಿ ಸರ್ಕಾರಿ ಬಸ್ಸಿಗೆ ಟಿಕೆಟ್ ಕಾಸೂ ಬೇಡ. ಗಲಾಟೆ ಶುರುವಾದ್ರೆ ಅಡುಗೆಮನೆ, ಬಚ್ಚಲುಮನೆ ಕಡೆ ಹೋಗ್ಬೇಡಿ, ಒಂದ್ಕಡೆ ಕತ್ತಿ ಬೆಂಕಿ, ಇನ್ನೊಂದ್ಕಡೆ ಹೊರಗೆ ಬರೋಕೆ ದಾರಿ ಇರಲ್ಲ. ಬೀದಿ ಬಾಗಿಲ ಕಡೆ ಸರೀರಿ. ಬೀಳೋ ಹಾಗಾದ್ರೆ ಪಕ್ಕಕ್ಕೆ ಮುದುಡಿ ಹೊಟ್ಟೆಗೆ ಕೈ ಅಡ್ಡ ಇಟ್ಕೊಳಿ. ಪಕ್ಕದ್ಮನೆಯವರ ಜೊತೆ ಒಂದು ಗುರುತಿನ ಮಾತು ಇಟ್ಕೊಳಿ, "ಒಂದು ಲೋಟ ಹುಣಸೆಹಣ್ಣು ಇದ್ಯಾ" ಅಂತ ಮೆಸೇಜ್ ಬಂದ್ರೆ 112ಕ್ಕೆ ಫೋನ್ ಮಾಡ್ಬೇಕು ಅಂತ.

ಕುಡಿದಾಗ ಮಾತ್ರ ಹೊಡೀತಾರೆ, ಕುಡಿತ ಬಿಡಿಸಿದ್ರೆ ಸರಿಹೋಗತ್ತಲ್ವಾ?

ಕುಡಿತ ಬಿಡಿಸಿ, ಒಳ್ಳೇದೇ. ಆದ್ರೆ ಕುಡಿದಾಗ ಅವರು ಸಾಹುಕಾರನಿಗೆ ಹೊಡೆಯಲ್ಲ, ಪೊಲೀಸರಿಗೆ ಹೊಡೆಯಲ್ಲ, ನಿಮಗೇ ಹೊಡೀತಾರೆ.

ನಂಗಿನ್ನೂ 17. ಆಸ್ಪತ್ರೇಲಿ ಹೇಳಿದ್ರೆ ಏನಾಗತ್ತೆ?

ನಿಜ ಹೇಳ್ಬಿಡ್ತೀನಿ ಮಗಳೇ. 18 ತುಂಬದವರು ಗರ್ಭಿಣಿ ಅಂತ ಗೊತ್ತಾದ್ರೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ) ಕಾಯ್ದೆ ಪ್ರಕಾರ ನಾವು ಪೊಲೀಸರಿಗೆ ತಿಳಿಸ್ಲೇಬೇಕು, ಮದುವೆ ಆಗಿದ್ರೂ ಅಷ್ಟೇ. ಅದಕ್ಕೆ ಹೆದರಿ ಚೆಕಪ್ಪೇ ಬಿಟ್ಟವರು ರಕ್ತ ಇಲ್ದೆ, ಬಿಪಿ ಏರಿ ಫಿಟ್ಸ್ ಬಂದು ಕೊನೇ ಗಳಿಗೇಲಿ ಬರ್ತಾರೆ. 1098ಕ್ಕೆ ಫೋನ್ ಮಾಡಿದ್ರೆ ಮಕ್ಕಳ ಸಹಾಯವಾಣಿಯವರು ಜೊತೆಗಿರ್ತಾರೆ.

ಸಾಯ್ಬೇಕು ಅನ್ಸತ್ತೆ. ಮಗುಗೋಸ್ಕರ ಸುಮ್ನಿದೀನಿ.

ಇದನ್ನ ಹೇಳಿದ್ದಕ್ಕೆ ಯಾರೂ ನಿಮ್ಮನ್ನ ಹುಚ್ಚಿ ಅನ್ನಲ್ಲ. 14416 ಟೆಲಿ ಮಾನಸ್, ಯಾವ ಹೊತ್ತಲ್ಲಾದ್ರೂ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡ್ತಾರೆ. ಹೇಗೆ ಸಾಯೋದು ಅಂತ ಮನಸ್ಸಲ್ಲಿ ಲೆಕ್ಕ ಹಾಕ್ತಿದ್ರೆ ಒಬ್ರೇ ಇರ್ಬೇಡಿ, ಈಗ್ಲೇ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಆಸ್ಪತ್ರೆಗೆ ಬನ್ನಿ, ಇದೂ ಎಮರ್ಜೆನ್ಸಿನೇ. ಗರ್ಭಿಣಿಯರಿಗೆ, ಹಾಲುಣಿಸೋವ್ರಿಗೆ ಕೊಡ್ಬೋದಾದ ಮಾತ್ರೆಗಳೂ ಇವೆ, ಮಗುಗೆ ಏನಾಗತ್ತೋ ಅಂತ ಡಾಕ್ಟರ್ ಹತ್ರ ಹೋಗದೆ ಇರ್ಬೇಡಿ.

ಹೆರಿಗೆ ಆದ್ಮೇಲೆ ಮತ್ತೆ ಬೇಗ ಬಸುರಿ ಮಾಡ್ತಾರೆ ಅಂತ ಭಯ. ಗೊತ್ತಾಗದ ಹಾಗೆ ಏನಾದ್ರೂ ಇದ್ಯಾ?

ಇದೆ. ಹೆರಿಗೆ ಆಗಿ 48 ಗಂಟೆ ಒಳಗೆ ಕಾಪರ್-ಟಿ ಹಾಕ್ಬೋದು. ಅಂತರಾ ಇಂಜೆಕ್ಷನ್ ಮೂರು ತಿಂಗಳಿಗೊಂದ್ಸಲ, ಮಗು ಆಗಿ ಆರು ವಾರ ಆದ್ಮೇಲೆ, ಮನೇಲಿ ಮಾತ್ರೆ ಚೀಟಿ ಏನೂ ಇಡೋದಿಲ್ಲ, ಮಗುಗೆ ಲಸಿಕೆ ಹಾಕ್ಸೋಕೆ ಬಂದ ದಿನವೇ ಹಾಕಿಸ್ಕೊಂಡು ಹೋಗೋರಿದಾರೆ. ಎರಡೂ ಸರ್ಕಾರಿ ಆಸ್ಪತ್ರೇಲಿ ಫ್ರೀ. ವಾರ್ಡಿಗೆ ಗಂಡನನ್ನ ಬಿಡ್ಬೇಡಿ ಅಂತ ಅನ್ಸಿದ್ರೆ ಡ್ಯೂಟಿ ಸಿಸ್ಟರಿಗೆ ಹೇಳಿ, ಪ್ರತಿ ಶಿಫ್ಟ್ ಬದಲಾದಾಗ್ಲೂ ಇನ್ನೊಂದ್ಸಲ ಹೇಳಿ.

ನಾನು ಆಶಾ ಕಾರ್ಯಕರ್ತೆ. ಗೊತ್ತಾಗತ್ತೆ, ಆದ್ರೆ ಕೇಳೋಕೆ ಬಾಯಿ ಬರಲ್ಲ.

ಯಾರೂ ಇಲ್ದಾಗ ಮಾತ್ರ ಕೇಳಿ, ಅದು ಮೊದ್ಲನೇ ನಿಯಮ, ಮಾತು ಕಲಿತ ಮಗು ಪಕ್ಕದಲ್ಲಿದ್ರೂ ಬೇಡ, ಸಂಜೆ ಅಪ್ಪನ ಮುಂದೆ ಹೇಳ್ಬಿಡತ್ತೆ. "ಮನೇಲಿ ಎಲ್ಲ ಹೆಂಗೆ ನೋಡ್ಕೊತಾರೆ, ಯಾರಾದ್ರೂ ಹೆದರಿಸ್ತಾರಾ, ಕೈ ಮಾಡ್ತಾರಾ" ಅಂತ ಮೆಲ್ಲಗೆ ಕೇಳಿ. ಯಾಕೆ ಹೊಡೆದ್ರು, ನೀನೇನು ಮಾಡ್ದೆ ಅಂತ ಕೇಳ್ಬೇಡಿ. ಗಂಡನ್ನ ಕರೆದು ಬುದ್ಧಿ ಹೇಳೋಕೆ ಹೋಗ್ಬೇಡಿ, ಅವತ್ತು ರಾತ್ರಿ ಅವಳಿಗೆ ಎರಡರಷ್ಟು ಬೀಳತ್ತೆ. ಏನಿಲ್ಲ ಅಂದ್ರೆ ಒತ್ತಾಯ ಬೇಡ, ಮುಂದಿನ ಸಲ ಮತ್ತೆ ಕೇಳಿ, ನಾಲ್ಕನೇ ಸಲಕ್ಕೆ ಹೇಳಿದವರಿದಾರೆ. 181 ನಂಬರನ್ನ ಗಂಡ ನೋಡೋ ಫೋನಲ್ಲಿ ಸೇವ್ ಮಾಡ್ಸೋಕಿಂತ ಬಾಯಿಪಾಠ ಮಾಡ್ಸಿ, ಮೂರೇ ಅಂಕಿ, ಎರಡು ಸಲ ಹೇಳಿಸಿದ್ರೆ ಬರತ್ತೆ.